ಬಳಸಿದ ಎಂಜಿನ್ ಆಯಿಲ್: ಮಾರುವ ಅಂಗಡಿಯೇ ಮರಳಿ ಪಡೆಯಲಿ

ದ್ವಿಚಕ್ರ ವಾಹನದ ಎಂಜಿನ್ನಿನಿಂದ ಒಂದು ಸಲಕ್ಕೆ ಹೊರಬರುವ ಹಳೆಯ ಆಯಿಲ್ ಸುಮಾರು ಒಂದು ಲೀಟರ್. ಸಣ್ಣ ಕಾರಿನಿಂದ ಮೂರು ನಾಲ್ಕು ಲೀಟರ್. ಟ್ರ್ಯಾಕ್ಟರಿನಿಂದ ಅದರ ಎರಡು ಪಟ್ಟು. ಬಿಡಿಬಿಡಿಯಾಗಿ ನೋಡಿದರೆ ಪ್ರಮಾಣ ಅಲ್ಪವೆಂದೇ ತೋರುತ್ತದೆ. ಆದರೆ ಈ ಒಂದೊಂದು ಲೀಟರ್ ಕೊನೆಗೆ ಎಲ್ಲಿ ಸೇರುತ್ತದೆ ಎಂದು ಕೇಳಿದರೆ, ವಾಹನದ ಮಾಲೀಕರಿಂದ ಹಿಡಿದು ಗ್ಯಾರೇಜಿನ ಮೆಕ್ಯಾನಿಕ್‌ವರೆಗೆ, ಆಯಿಲ್ ಮಾರುವ ವರ್ತಕರಿಂದ ಹಿಡಿದು ನಗರಸಭೆಯ ಅಧಿಕಾರಿಗಳವರೆಗೆ ಖಚಿತವಾದ ಉತ್ತರ ಕೊಡಬಲ್ಲವರು ವಿರಳ.

ಗ್ರಾಮಾಂತರದಲ್ಲಿ ಟ್ರ್ಯಾಕ್ಟರ್, ಪವರ್ ಟಿಲ್ಲರ್, ಡೀಸೆಲ್ ಪಂಪ್‌ಸೆಟ್ ಇಟ್ಟುಕೊಂಡಿರುವ ರೈತ ಕುಟುಂಬಗಳಲ್ಲಿ ಅನೇಕರು ಆಯಿಲನ್ನು ಮನೆಯಂಗಳದಲ್ಲಿಯೇ ಬದಲಿಸಿಕೊಳ್ಳುತ್ತಾರೆ. ನಗರಗಳಲ್ಲಿ ಜನರೇಟರ್ ಇರುವ ಅಂಗಡಿಗಳು, ಒಂದೆರಡು ಸರಕು ಆಟೊಗಳನ್ನು ಓಡಿಸುವ ಸಣ್ಣ ವ್ಯಾಪಾರಿಗಳು, ಬೀದಿಬದಿಯ ಗ್ಯಾರೇಜುಗಳು ಇದೇ ಕೆಲಸವನ್ನು ಮಾಡುತ್ತವೆ. ಬಸಿದ ಎಣ್ಣೆಯಲ್ಲಿ ಒಂದು ಪಾಲು, ಗೆದ್ದಲು ಹಿಡಿಯದಿರಲೆಂದು ಬೇಲಿಗೂಟಕ್ಕೂ ಕೊಟ್ಟಿಗೆಯ ತೊಲೆಗೂ ಬಳಿಯಲು ಹೋಗುತ್ತದೆ; ಇನ್ನೊಂದು ಪಾಲು ಕಟ್ಟಡ ಕೆಲಸದ ಸೆಂಟ್ರಿಂಗ್ ಹಲಗೆಗಳಿಗೆ; ಮತ್ತೊಂದು ಪಾಲು ಗುಜರಿ ವ್ಯಾಪಾರಿಯ ಪೀಪಾಯಿಗೆ. ಉಳಿದುದು ಚರಂಡಿಗೆ ಅಥವಾ ಮಣ್ಣಿಗೆ. ಹೀಗೆ ಮಾಡುವವರಲ್ಲಿ ಬಹುತೇಕರು ದುರುದ್ದೇಶವುಳ್ಳವರಲ್ಲ. ಸರಿಯಾದ ಜಾಗಕ್ಕೆ ತಲುಪಿಸಬೇಕೆಂದು ಬಯಸುವವನಿಗೂ ಹತ್ತಿರದಲ್ಲಿ ಅಂಥ ಜಾಗ ಸಿಗದಿರುವುದೇ ಸಮಸ್ಯೆಯ ಮೂಲ.

ಈ ಕೊರತೆಯನ್ನು ತುಂಬಲು ಹೊಸ ಇಲಾಖೆಯಾಗಲಿ, ದೊಡ್ಡ ಬಂಡವಾಳವಾಗಲಿ ಬೇಕಿಲ್ಲ. ಹೊಸ ಆಯಿಲನ್ನು ಮಾರುವ ಅಂಗಡಿಯೇ ಹಳೆಯದನ್ನು ಮರಳಿ ಪಡೆಯುವ ಪದ್ಧತಿ ಬರಬೇಕು. ಹಾಗೆ ಪಡೆಯುವ ವರ್ತಕನಿಗೆ ಕಾನೂನಿನ ಭಯವಿಲ್ಲದಂತೆ ಸರ್ಕಾರ ನೋಡಿಕೊಳ್ಳಬೇಕು. ಬಿಡಿಭಾಗಗಳ ವರ್ತಕರು, ಕೀಲೆಣ್ಣೆಯ ವಿತರಕರು ಮತ್ತು ಸರ್ವಿಸ್ ಸ್ಟೇಷನ್‌ಗಳ ಮಾಲೀಕರು ಸದಸ್ಯರಾಗಿರುವ ವಾಣಿಜ್ಯ ಸಂಸ್ಥೆಗಳು ಈ ವಿಷಯದಲ್ಲಿ ಮುಂದಾಳತ್ವ ವಹಿಸುವುದು ಸಹಜವೂ ಹೌದು, ಅವರ ಹಿತಕ್ಕೆ ಪೂರಕವೂ ಹೌದು.

ಹಳೆಯ ಎಣ್ಣೆಯ ಬೆಲೆ

ಎಂಜಿನ್ ಆಯಿಲ್ ಬಳಕೆಯಿಂದ ಕೊಳೆಯಾಗುತ್ತದೆಯೇ ಹೊರತು ಅದರ ಮೂಲತೈಲದ ಬಹುಪಾಲು ಹಾಗೆಯೇ ಉಳಿದಿರುತ್ತದೆ. ಇಂಧನ ಉರಿದಾಗ ಹುಟ್ಟುವ ಮಸಿ, ಸವೆದ ಲೋಹದ ಕಣಗಳು, ನೀರು, ಸೋರಿ ಬಂದ ಪೆಟ್ರೋಲ್ ಅಥವಾ ಡೀಸೆಲ್, ಶಕ್ತಿಗುಂದಿದ ರಾಸಾಯನಿಕ ಸೇರ್ಪಡೆಗಳು ಅದರೊಳಗೆ ಸೇರಿಕೊಳ್ಳುತ್ತವೆ. ಮರುಶುದ್ಧೀಕರಣ ಘಟಕದಲ್ಲಿ ಮೊದಲು ಎಣ್ಣೆಯನ್ನು ಕಾಯಿಸಿ ನೀರನ್ನೂ ಹಗುರವಾದ ಇಂಧನಾಂಶವನ್ನೂ ತೆಗೆಯುತ್ತಾರೆ. ಬಳಿಕ ನಿರ್ವಾತದಲ್ಲಿ ಬಟ್ಟಿ ಇಳಿಸಿ ಮೂಲತೈಲವನ್ನು ಬೇರ್ಪಡಿಸುತ್ತಾರೆ. ಕೊನೆಗೆ ವಿಶೇಷ ಜೇಡಿಯಿಂದಲೋ ಜಲಜನಕದ ಸಂಸ್ಕರಣೆಯಿಂದಲೋ ಬಣ್ಣ ಮತ್ತು ವಾಸನೆಯನ್ನು ನಿವಾರಿಸುತ್ತಾರೆ. ಗಂಧಕಾಮ್ಲವನ್ನು ಬಳಸುವ ಹಳೆಯ ವಿಧಾನದಲ್ಲಿ ಆಮ್ಲಯುಕ್ತ ಕೆಸರು ಉಳಿಯುತ್ತಿದ್ದು, ಅದು ಪರಿಸರಕ್ಕೆ ಹೊಸದೊಂದು ಹೊರೆಯಾಗುತ್ತಿದ್ದ ಕಾರಣ ಆ ವಿಧಾನಕ್ಕೆ ಈಗ ಮಾನ್ಯತೆಯಿಲ್ಲ.

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ನೀಡುವ ಲೆಕ್ಕದಂತೆ, 159 ಲೀಟರಿನ ಒಂದು ಬ್ಯಾರೆಲ್ ಕಚ್ಚಾತೈಲದಿಂದ ದೊರೆಯುವಷ್ಟು ಕೀಲೆಣ್ಣೆ, ಅಂದರೆ ಸುಮಾರು 2.4 ಲೀಟರ್, ಕೇವಲ 3.8 ಲೀಟರ್ ಬಳಸಿದ ಆಯಿಲಿನಿಂದ ದೊರೆಯುತ್ತದೆ. ತನಗೆ ಬೇಕಾದ ಕಚ್ಚಾತೈಲದಲ್ಲಿ ಶೇಕಡ 85ಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಈ ಲೆಕ್ಕ ಕೇವಲ ಪರಿಸರದ ಮಾತಾಗಿ ಉಳಿಯುವುದಿಲ್ಲ. ಇದು ವಿದೇಶಿ ವಿನಿಮಯದ ಮಾತೂ ಹೌದು.

ಹಾನಿಯ ಲೆಕ್ಕವೂ ಇಷ್ಟೇ ಸ್ಪಷ್ಟ. ಒಂದು ಲೀಟರ್ ಬಳಸಿದ ಆಯಿಲ್ ಹತ್ತು ಲಕ್ಷ ಲೀಟರ್ ನೀರನ್ನು ಕುಡಿಯಲು ಅಯೋಗ್ಯವಾಗಿಸಬಲ್ಲದು ಎಂಬ ಅಂದಾಜು ಬಹುಕಾಲದಿಂದ ಚಾಲ್ತಿಯಲ್ಲಿದೆ. ಬೆಂಗಳೂರಿನಲ್ಲಿ 2009ರ ಕಾಯಿದೆ ತಿದ್ದುಪಡಿಯ ಬಳಿಕ ಮಳೆನೀರು ಸಂಗ್ರಹ ಕಡ್ಡಾಯವಾಗಿ, ಅನೇಕ ಮನೆಗಳ ಅಂಗಳದಲ್ಲಿ ಇಂಗುಗುಂಡಿಗಳಿವೆ. ಅಂಥ ಅಂಗಳದ ಮೂಲೆಯಲ್ಲಿ ಸುರಿದ ಎಣ್ಣೆ ಮಳೆಯೊಂದಿಗೆ ಹರಿದು ಇಂಗುಗುಂಡಿಗೆ, ಅಲ್ಲಿಂದ ಕೊಳವೆಬಾವಿಗೆ ಇಳಿಯುವ ಸಾಧ್ಯತೆಯನ್ನು ಯಾರೂ ಹಗುರವಾಗಿ ಕಾಣಬಾರದು. ಮೆಕ್ಯಾನಿಕ್‌ಗಳ ಕೈಗಳನ್ನೂ ಮರೆಯುವಂತಿಲ್ಲ. ಎಂಜಿನ್ನಿನಲ್ಲಿ ಉರಿಯ ಸಂಪರ್ಕಕ್ಕೆ ಬಂದ ಆಯಿಲಿನಲ್ಲಿ ಕ್ಯಾನ್ಸರ್‌ಕಾರಕ ಸಂಯುಕ್ತಗಳು ಕ್ರಮೇಣ ಹೆಚ್ಚುತ್ತವೆ. ವರ್ಷಗಟ್ಟಲೆ ಬರಿಗೈಯಲ್ಲಿ ಅದನ್ನು ಮುಟ್ಟುವವರ ಚರ್ಮಕ್ಕೆ ಅಪಾಯ ತಪ್ಪಿದ್ದಲ್ಲ.

ಕಾನೂನು ಎಲ್ಲಿಯವರೆಗೆ ಬಂದಿದೆ

ಬಳಸಿದ ಆಯಿಲ್ ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿದೆ. ಇದಕ್ಕೆ ಸಂಬಂಧಿಸಿದ ನಿಯಮಗಳು ಮೊದಲ ಬಾರಿಗೆ 1989ರಲ್ಲಿ ಬಂದು, 2008ರಲ್ಲಿ ಹೊಸ ರೂಪ ಪಡೆದು, 2016ರಲ್ಲಿ ಮತ್ತೆ ಸಮಗ್ರವಾಗಿ ಪರಿಷ್ಕೃತಗೊಂಡವು. 2016ರ ನಿಯಮಗಳಂತೆ ಇಂಥ ತ್ಯಾಜ್ಯವನ್ನು ಉತ್ಪಾದಿಸುವ ಘಟಕವು ಅದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ದಾಸ್ತಾನಿಡುವಂತಿಲ್ಲ. ದಾಖಲೆ ಪುಸ್ತಕವನ್ನು ಇಡಬೇಕು. ಪೀಪಾಯಿಯ ಮೇಲೆ ನಿಗದಿತ ಲೇಬಲ್ ಅಂಟಿಸಬೇಕು. ಸಾಗಿಸುವಾಗ ನಮೂನೆ 10ರ ಸಾಗಣೆ ಪತ್ರ ಜೊತೆಯಲ್ಲಿರಬೇಕು. ಅಧಿಕೃತ ಮರುಬಳಕೆದಾರನಿಗೆ ಮಾತ್ರ ಒಪ್ಪಿಸಬೇಕು. ಮರುಶುದ್ಧೀಕರಣಕ್ಕೆ ಯೋಗ್ಯವಾದ ಆಯಿಲಿನಲ್ಲಿ ಸೀಸ, ಆರ್ಸೆನಿಕ್, ಪಿಸಿಬಿ ಮುಂತಾದವು ಎಷ್ಟರ ಒಳಗಿರಬೇಕು ಎಂಬ ಮಿತಿಗಳೂ ಅದೇ ನಿಯಮಗಳ ಅನುಸೂಚಿಯಲ್ಲಿವೆ.

2023ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈ ನಿಯಮಗಳಿಗೆ ಮಹತ್ವದ ತಿದ್ದುಪಡಿಯನ್ನು ತಂದಿತು. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ತಿದ್ದುಪಡಿಯಂತೆ, ಮೂಲತೈಲ ಮತ್ತು ಕೀಲೆಣ್ಣೆಯನ್ನು ಮಾರುಕಟ್ಟೆಗೆ ಬಿಡುವ ಉತ್ಪಾದಕರು ಬಳಸಿದ ಆಯಿಲಿನ ಮರುಬಳಕೆಯ ಹೊಣೆಯನ್ನೂ ಹೊರಬೇಕು. ಮೊದಲ ವರ್ಷಕ್ಕೆ ಶೇಕಡ 5ರ ಗುರಿ; ಅಲ್ಲಿಂದ ಹಂತಹಂತವಾಗಿ ಶೇಕಡ 50ರವರೆಗೆ ಏರಿಕೆ. ಉತ್ಪಾದಕರು, ಸಂಗ್ರಹಣಾ ಏಜೆಂಟರು, ಮರುಬಳಕೆದಾರರು ಎಲ್ಲರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬೇಕು. ಮರುಬಳಕೆದಾರರು ಗಳಿಸುವ ಪ್ರಮಾಣಪತ್ರಗಳನ್ನು ಉತ್ಪಾದಕರು ಕೊಂಡು ತಮ್ಮ ಹೊಣೆಯನ್ನು ತೀರಿಸಬೇಕು.

ಹೀಗೆ ಸರಪಳಿಯ ಎರಡು ತುದಿಗಳೂ ಕಾಗದದ ಮೇಲೆ ಸುಭದ್ರವಾಗಿವೆ. ಒಂದು ತುದಿಯಲ್ಲಿ ದೊಡ್ಡ ತೈಲ ಕಂಪನಿ, ಇನ್ನೊಂದು ತುದಿಯಲ್ಲಿ ನೋಂದಾಯಿತ ಮರುಶುದ್ಧೀಕರಣ ಘಟಕ. ಆದರೆ ಎಣ್ಣೆ ನಿಜವಾಗಿ ಹೊರಬರುವುದು ಇವೆರಡರ ನಡುವೆ, ಲಕ್ಷಾಂತರ ಅಂಗಳಗಳಲ್ಲಿ ಮತ್ತು ಗ್ಯಾರೇಜುಗಳಲ್ಲಿ. ಅಲ್ಲಿನ ಕೊಂಡಿ ಇನ್ನೂ ಬೆಸೆದಿಲ್ಲ.

2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಗೃಹಮೂಲದ ಅಪಾಯಕಾರಿ ತ್ಯಾಜ್ಯವನ್ನು ಪಡೆಯಲು ಪ್ರತಿ 20 ಚದರ ಕಿಲೋಮೀಟರಿಗೆ ಒಂದು ಕೇಂದ್ರ ಇರಬೇಕೆಂದು ಸ್ಥಳೀಯ ಸಂಸ್ಥೆಗಳಿಗೆ ವಿಧಿಸಿದ್ದವು. ಬಣ್ಣದ ಡಬ್ಬ, ಕೀಟನಾಶಕದ ಕ್ಯಾನ್, ಟ್ಯೂಬ್‌ಲೈಟ್, ಅವಧಿ ಮೀರಿದ ಔಷಧಿ ಮುಂತಾದವನ್ನು ಅಲ್ಲಿ ಉದಾಹರಿಸಲಾಗಿತ್ತು. ಎಂಜಿನ್ ಆಯಿಲಿನ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಇಂಥ ಕೇಂದ್ರವೊಂದು ತನ್ನ ಬಡಾವಣೆಯಲ್ಲಿ ಎಲ್ಲಿದೆ ಎಂದು ಹೇಳಬಲ್ಲ ನಾಗರಿಕ ದೊರೆಯುವುದು ಸುಲಭವಲ್ಲ.

ತೊಂಬತ್ತು ದಿನಗಳ ಗಣಿತ

ಸಣ್ಣ ಗ್ಯಾರೇಜಿನ ಕಷ್ಟವನ್ನು ಅರಿಯಲು ಸರಳವಾದ ಲೆಕ್ಕವೊಂದು ಸಾಕು. ದಿನಕ್ಕೆ ಐದು ದ್ವಿಚಕ್ರ ವಾಹನಗಳ ಆಯಿಲ್ ಬದಲಿಸುವ ಗ್ಯಾರೇಜನ್ನು ತೆಗೆದುಕೊಂಡರೆ, ದಿನಕ್ಕೆ ಐದು ಲೀಟರಿನಂತೆ ತಿಂಗಳಿಗೆ 130 ಲೀಟರ್ ಸಂಗ್ರಹವಾಗುತ್ತದೆ. ಸುಮಾರು 210 ಲೀಟರ್ ಹಿಡಿಯುವ ಸಾಮಾನ್ಯ ಡ್ರಮ್ ತುಂಬಲು 42 ಕೆಲಸದ ದಿನಗಳು ಬೇಕು. ನಿಯಮ ಅನುಮತಿಸುವ 90 ದಿನಗಳಲ್ಲಿ ಎರಡು ಡ್ರಮ್ ಕೂಡ ತುಂಬುವುದಿಲ್ಲ. ಅತ್ತ 5,000 ಲೀಟರಿನ ಟ್ಯಾಂಕರ್ ಒಂದು ತಿಂಗಳಲ್ಲಿ ತುಂಬಬೇಕಾದರೆ ಇಂಥ ಸುಮಾರು 40 ಗ್ಯಾರೇಜುಗಳು ಕೂಡಬೇಕು. ಡೀಸೆಲ್, ಚಾಲಕ, ಕಾಗದಪತ್ರ ಎಲ್ಲದರ ಖರ್ಚನ್ನು ಲೆಕ್ಕ ಹಾಕುವ ಮರುಬಳಕೆದಾರ ಒಂದೂವರೆ ಡ್ರಮ್ಮಿಗಾಗಿ ಗಲ್ಲಿಯೊಳಗೆ ವಾಹನ ಕಳುಹಿಸಲು ಹಿಂಜರಿದರೆ ಅವನನ್ನು ದೂರುವಂತಿಲ್ಲ. ವರ್ಷಕ್ಕೆ ಎರಡು ಮೂರು ಬಾರಿ ಟ್ರ್ಯಾಕ್ಟರಿನ ಆಯಿಲ್ ಬದಲಿಸಿ ಇಪ್ಪತ್ತು ಲೀಟರಿನಷ್ಟು ಕೂಡಿಸುವ ರೈತನ ಮನೆಗಂತೂ ಅವನು ಬರುವ ಮಾತೇ ಇಲ್ಲ.

ಆ ಹಿಂಜರಿಕೆ ಉಂಟುಮಾಡಿದ ತೆರವನ್ನು ತುಂಬುವವನು ತಳ್ಳುಗಾಡಿಯಲ್ಲೋ ಸರಕು ಆಟೊದಲ್ಲೋ ಪೀಪಾಯಿ ಇಟ್ಟುಕೊಂಡು ಬರುವ ಗುಜರಿ ವ್ಯಾಪಾರಿ. ಅವನು ಹತ್ತು ಲೀಟರನ್ನೂ ಕೊಳ್ಳುತ್ತಾನೆ, ನಗದು ಕೊಡುತ್ತಾನೆ, ಬಿಲ್ಲು ಕೇಳುವುದಿಲ್ಲ. ಗ್ಯಾರೇಜಿನ ಹುಡುಗರ ಚಹಾ ಖರ್ಚು ಆ ಹಣದಿಂದಲೇ ನಡೆಯುವುದುಂಟು. ಆದರೆ ಅವನ ಪೀಪಾಯಿಯಿಂದ ಎಣ್ಣೆ ಮುಂದೆ ಹೋಗುವ ಹಾದಿಗಳು ಕಳವಳಕಾರಿಯಾದವು. ಒಂದು ಹಾದಿ ಇಟ್ಟಿಗೆ ಗೂಡು, ಸುಣ್ಣದ ಗೂಡುಗಳ ಒಲೆಗೆ. ಅಲ್ಲಿ ಶುದ್ಧೀಕರಣವಿಲ್ಲದೆ ಉರಿದ ಎಣ್ಣೆಯ ಲೋಹಾಂಶ ಹೊಗೆಯೊಂದಿಗೆ ಸುತ್ತಲಿನ ಹೊಲಮನೆಗಳ ಮೇಲೆ ಇಳಿಯುತ್ತದೆ. ಇನ್ನೊಂದು ಹಾದಿ, ಬಟ್ಟೆಯಲ್ಲಿ ಸೋಸಿ, ಬಣ್ಣ ತಿಳಿಯಾಗಿಸಿ, ಹೆಸರಾಂತ ಕಂಪನಿಯ ಖಾಲಿ ಡಬ್ಬಗಳಿಗೆ ತುಂಬಿ ಹೊಸ ಆಯಿಲೆಂದು ಮಾರುವ ನಕಲಿ ಜಾಲಕ್ಕೆ.

ಈ ಎರಡನೆಯ ಹಾದಿಯೇ ವರ್ತಕ ಸಮುದಾಯಕ್ಕೆ ನೇರವಾಗಿ ತಟ್ಟುವಂಥದು. ಪ್ರಾಮಾಣಿಕ ವರ್ತಕನು ತೆರಿಗೆ ಕಟ್ಟಿ, ಬಿಲ್ಲು ಕೊಟ್ಟು ಮಾರುವ ಡಬ್ಬದ ಪಕ್ಕದಲ್ಲಿಯೇ ಅರ್ಧ ಬೆಲೆಯ ನಕಲಿ ಡಬ್ಬ ನಿಂತರೆ ಅವನ ವ್ಯಾಪಾರ ಕುಸಿಯುತ್ತದೆ. ಗ್ರಾಹಕನ ಎಂಜಿನ್ ಕೆಟ್ಟಾಗ ಹೆಸರು ಕೆಡುವುದೂ ಅಸಲಿ ಕಂಪನಿಯ ಮತ್ತು ಅದನ್ನು ಮಾರುವ ಅಂಗಡಿಯದೇ. ನಕಲಿ ತಯಾರಕನಿಗೆ ಬೇಕಾದ ಕಚ್ಚಾವಸ್ತುಗಳು ಎರಡೇ: ಹಳೆಯ ಎಣ್ಣೆ ಮತ್ತು ಖಾಲಿ ಡಬ್ಬ. ಎರಡೂ ಮೂಲ ಅಂಗಡಿಗೇ ಮರಳುವಂತಾದರೆ ಅವನ ಬುಡಕ್ಕೇ ಕೊಡಲಿ ಬಿದ್ದಂತೆ.

ಮನೆಯಲ್ಲಿ ಸಂಗ್ರಹಿಸುವ ಕ್ರಮ

ಮರುಶುದ್ಧೀಕರಣದ ಯಶಸ್ಸು ಎಣ್ಣೆ ಬಸಿಯುವ ಕ್ಷಣದಲ್ಲಿಯೇ ನಿರ್ಧಾರವಾಗುತ್ತದೆ. ಗ್ರಾಹಕರಿಗೆ ವರ್ತಕರು ತಿಳಿಸಿಹೇಳಬೇಕಾದ ಅಂಶಗಳು ಕಷ್ಟವಾದವೇನಲ್ಲ.

ಎಂಜಿನ್ ಬೆಚ್ಚಗಿರುವಾಗ ಎಣ್ಣೆ ಸಲೀಸಾಗಿ ಬಸಿಯುತ್ತದೆ. ಕುದಿಯುವಷ್ಟು ಬಿಸಿಯಿದ್ದರೆ ಕೈಸುಡುತ್ತದೆ. ಅಗಲಬಾಯಿಯ ಟ್ರೇಯಲ್ಲಿ ಹಿಡಿದು, ಆಲಿಕೆಯ ಮೂಲಕ, ಹೊಸ ಆಯಿಲ್ ಬಂದ ಅದೇ ಕ್ಯಾನಿಗೆ ತುಂಬುವುದು ಎಲ್ಲಕ್ಕಿಂತ ಉತ್ತಮ. ಕುಡಿಯುವ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿ, ಅಡುಗೆ ಎಣ್ಣೆಯ ಡಬ್ಬಗಳಲ್ಲಿ ಎಂದಿಗೂ ಇಡಬಾರದು, ಮಕ್ಕಳು ಮೋಸಹೋಗುತ್ತಾರೆ. ಕೀಟನಾಶಕ ಇದ್ದ ಡಬ್ಬವೂ ಸಲ್ಲದು. ಅದರ ಶೇಷ ಬೆರೆತರೆ ಇಡೀ ಎಣ್ಣೆ ಮರುಶುದ್ಧೀಕರಣಕ್ಕೆ ನಿರುಪಯುಕ್ತವಾಗುತ್ತದೆ.

ಬೆರಕೆಯೇ ಈ ವ್ಯವಹಾರದ ದೊಡ್ಡ ಶತ್ರು. ಬ್ರೇಕ್ ಆಯಿಲ್, ರೇಡಿಯೇಟರಿನ ಕೂಲಂಟ್, ಬಿಡಿಭಾಗ ತೊಳೆದ ಪೆಟ್ರೋಲ್ ಅಥವಾ ಸೀಮೆಎಣ್ಣೆ, ಬಣ್ಣದ ತಿನ್ನರ್ ಇವುಗಳನ್ನು ಒಂದೇ ಪೀಪಾಯಿಗೆ ಸುರಿಯುವ ಅಭ್ಯಾಸ ಗ್ಯಾರೇಜುಗಳಲ್ಲಿ ವ್ಯಾಪಕವಾಗಿದೆ. ಪೆಟ್ರೋಲ್ ಬೆರೆತ ಎಣ್ಣೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಕೂಲಂಟ್ ಮತ್ತು ನೀರು ಬೆರೆತದ್ದನ್ನು ಒಣಗಿಸಲು ಹೆಚ್ಚು ಇಂಧನ ಬೇಕಾಗುತ್ತದೆ. ಹಳೆಯ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಇದ್ದಿರಬಹುದಾಗಿದ್ದು, ಅದರ ಮಿತಿ ಹತ್ತು ಲಕ್ಷ ಭಾಗಗಳಲ್ಲಿ ಎರಡು ಭಾಗಕ್ಕೂ ಕಡಿಮೆ. ಹೀಗಿರುವಾಗ ಒಂದು ಕ್ಯಾನಿನ ಅಜಾಗರೂಕತೆ ಒಂದು ಟ್ಯಾಂಕರನ್ನೇ ಕೆಡಿಸಬಹುದು.

ಮುಚ್ಚಳ ಬಿಗಿಯಾಗಿರಲಿ. ಬಿಸಿಲು ಮತ್ತು ಮಳೆ ತಾಗದ, ಒಲೆಯಿಂದ ದೂರವಾದ, ಮಕ್ಕಳ ಕೈಗೆ ಎಟುಕದ ಜಾಗದಲ್ಲಿ, ಸೋರಿದರೆ ಹಿಡಿದಿಡುವ ಟ್ರೇ ಅಥವಾ ತಟ್ಟೆಯ ಮೇಲೆ ಕ್ಯಾನ್ ಇರಲಿ. ನೀರಿನ ಸಂಪು, ಕೊಳವೆಬಾವಿ, ಇಂಗುಗುಂಡಿಗಳ ಬಳಿ ಇಡಬಾರದು. ಕ್ಯಾನಿನ ಮೇಲೆ ‘ಬಳಸಿದ ಎಂಜಿನ್ ಆಯಿಲ್’ ಎಂದೂ ಬಸಿದ ದಿನಾಂಕವನ್ನೂ ಬರೆಯುವುದು ಒಂದು ನಿಮಿಷದ ಕೆಲಸ. ಆಯಿಲ್ ಫಿಲ್ಟರನ್ನು ಬೋರಲು ಹಾಕಿ ಒಂದು ದಿನ ಬಸಿಯಲು ಬಿಟ್ಟರೆ ಅದರಲ್ಲಿ ಉಳಿದ ಎಣ್ಣೆಯೂ ಲೆಕ್ಕಕ್ಕೆ ಸೇರುತ್ತದೆ. ಚೆಲ್ಲಿದರೆ ನೀರು ಹಾಕಿ ತೊಳೆಯದೆ ಮರದ ಹೊಟ್ಟನ್ನೋ ಮರಳನ್ನೋ ಸುರಿದು ಬಳಿದು ತೆಗೆಯಬೇಕು. ನೀರು ಹಾಕಿದರೆ ಎಣ್ಣೆ ಚರಂಡಿಯ ದಾರಿ ಹಿಡಿಯುತ್ತದೆ.

ಸಾಗಿಸುವ ಕ್ರಮ

ಸಾಗಣೆಯಲ್ಲಿ ಎರಡು ಹಂತಗಳನ್ನು ಬೇರೆಯಾಗಿ ನೋಡುವುದು ಅಗತ್ಯ. ಮೊದಲನೆಯದು ಮನೆಯಿಂದ ಅಂಗಡಿಗೆ. ಇಲ್ಲಿ ನಾಲ್ಕೈದು ಲೀಟರಿನ ಮುಚ್ಚಿದ ಕ್ಯಾನೇ ಸುರಕ್ಷಿತ ಘಟಕ. ಸ್ಕೂಟರಿನ ಮುಂದೆ ಇಟ್ಟು ಕಾಲಿನಿಂದ ಒತ್ತಿ ಹಿಡಿದು ಸಾಗುವುದಕ್ಕಿಂತ, ಕ್ರೇಟು ಅಥವಾ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ ಕಟ್ಟುವುದು ಲೇಸು. ಕಾರಿನಲ್ಲಾದರೆ ಡಿಕ್ಕಿಯಲ್ಲಿ, ಕೆಳಗೆ ಹಳೆಯ ಗೋಣಿಚೀಲ ಹಾಸಿ ಇಡಬೇಕು. ತುಂಬಿದ ಡ್ರಮ್ಮಿನ ತೂಕ ಸುಮಾರು 200 ಕಿಲೋಗ್ರಾಂ ಆಗುವುದರಿಂದ ಮನೆಯವರು ಡ್ರಮ್ ತುಂಬಿಸುವ ಸಾಹಸಕ್ಕೆ ಇಳಿಯಲೇಬಾರದು. ತುಂಬಿದ ಮೇಲೆ ಅದನ್ನು ಎತ್ತುವವರೂ ಇಲ್ಲ, ಒಯ್ಯುವವರೂ ಇಲ್ಲ.

ಎರಡನೆಯ ಹಂತ ಅಂಗಡಿ ಅಥವಾ ಗ್ಯಾರೇಜಿನಿಂದ ಮರುಶುದ್ಧೀಕರಣ ಘಟಕಕ್ಕೆ. ಇಲ್ಲಿ ನಿಯಮಗಳು ಪೂರ್ಣವಾಗಿ ಅನ್ವಯಿಸುತ್ತವೆ. ಸಾಗಣೆಯ ಏರ್ಪಾಡು ಮಾಡುವವರು ಕಳುಹಿಸುವವರಾಗಲಿ, ಪಡೆಯುವವರಾಗಲಿ, ಹೊಣೆ ಅವರದೇ ಎಂದು 2016ರ ನಿಯಮಗಳು ಹೇಳುತ್ತವೆ. ಆದ್ದರಿಂದ ಪಡೆಯುವ ಘಟಕವೇ ತನ್ನ ಅಧಿಕೃತ ವಾಹನವನ್ನು ಕಳುಹಿಸಿ ಪಂಪಿನಿಂದ ಎತ್ತಿಕೊಳ್ಳುವುದು ಸಣ್ಣ ವರ್ತಕನಿಗೆ ಹೆಚ್ಚು ಕ್ಷೇಮಕರ. ವಾಹನ ಹೊರಡುವ ಮುನ್ನ ಆ ಘಟಕದ ನೋಂದಣಿಯ ಪ್ರತಿಯನ್ನು ಪಡೆದು, ಸಾಗಣೆ ಪತ್ರದ ತನ್ನ ಪಾಲಿನ ಪ್ರತಿಯನ್ನು ಕಡತದಲ್ಲಿ ಇಟ್ಟುಕೊಂಡ ವರ್ತಕ ಮುಂದೆ ಯಾವ ಪ್ರಶ್ನೆ ಬಂದರೂ ಉತ್ತರಿಸಬಲ್ಲ.

ಬ್ಯಾಟರಿ ಅಂಗಡಿ ಕಲಿಸಿದ ಪಾಠ

ಮರಳಿ ಪಡೆಯುವ ಪದ್ಧತಿ ಈ ನೆಲಕ್ಕೆ ಒಗ್ಗದು ಎನ್ನುವವರು ವಾಹನಗಳ ಬ್ಯಾಟರಿಯನ್ನು ನೆನೆಯಬೇಕು. 2001ರ ಬ್ಯಾಟರಿ ನಿಯಮಗಳು ಹಳೆಯ ಸೀಸದ ಬ್ಯಾಟರಿಗಳನ್ನು ವರ್ತಕರು ಮರಳಿ ಪಡೆಯಬೇಕೆಂದೂ ಮರಳಿಸಿದ ಗ್ರಾಹಕನಿಗೆ ಸೂಕ್ತ ರಿಯಾಯಿತಿ ಕೊಡಬೇಕೆಂದೂ ವಿಧಿಸಿದವು. ತಯಾರಕರಿಗೆ ಮೊದಲ ವರ್ಷ ಶೇಕಡ 50, ಎರಡನೆಯ ವರ್ಷ ಶೇಕಡ 75, ಅನಂತರ ಶೇಕಡ 90ರ ಸಂಗ್ರಹದ ಗುರಿಯನ್ನು ನಿಗದಿಪಡಿಸಲಾಯಿತು. 2022ರಲ್ಲಿ ಆ ನಿಯಮಗಳ ಸ್ಥಾನಕ್ಕೆ ಹೊಸ ನಿಯಮಗಳು ಬಂದಿವೆ. ಗುರಿಗಳೆಲ್ಲ ಪೂರ್ಣವಾಗಿ ಈಡೇರಿದವೆಂದು ಹೇಳಲಾಗದಿದ್ದರೂ ಜನರ ರೂಢಿ ಬದಲಾದದ್ದು ನಿಶ್ಚಿತ. ಇಂದು ಹೊಸ ಬ್ಯಾಟರಿ ಕೊಳ್ಳಲು ಹೋಗುವ ಗ್ರಾಹಕ ಹಳೆಯದನ್ನು ಹೊತ್ತುಕೊಂಡೇ ಹೋಗುತ್ತಾನೆ. ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ ಎಂದೇ ಮಾತು ಆರಂಭಿಸುತ್ತಾನೆ. ಅದೇ ರಸ್ತೆಯ ಆಯಿಲ್ ಅಂಗಡಿಯಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ.

ಬೇರೆಡೆಯ ನಿದರ್ಶನವೂ ಇದೆ. ಜರ್ಮನಿಯಲ್ಲಿ ಎಂಜಿನ್ ಆಯಿಲನ್ನು ಗ್ರಾಹಕರಿಗೆ ಮಾರುವವರು, ಮಾರಿದಷ್ಟು ಪ್ರಮಾಣದ ಹಳೆಯ ಆಯಿಲನ್ನು ಶುಲ್ಕವಿಲ್ಲದೆ ಮರಳಿ ಪಡೆಯುವ ವ್ಯವಸ್ಥೆ ಮಾಡಬೇಕೆಂಬುದು ಕಾನೂನು. ಅಮೆರಿಕದಲ್ಲಿ ಮನೆಯಲ್ಲಿ ಆಯಿಲ್ ಬದಲಿಸಿಕೊಳ್ಳುವವರು ಅದನ್ನು ಬಿಡಿಭಾಗಗಳ ಅಂಗಡಿಗೆ ಒಯ್ದು ಕೊಡುವುದು ದಿನನಿತ್ಯದ ರೂಢಿ.

ಆಕ್ಷೇಪಣೆಗಳು

ಈ ಸಲಹೆಗೆ ಮೂರು ಆಕ್ಷೇಪಣೆಗಳು ಬರಬಹುದು, ಮೂರರಲ್ಲಿಯೂ ಹುರುಳಿದೆ.

ಮೊದಲನೆಯದು, ಬ್ಯಾಟರಿಯ ಸೀಸಕ್ಕೆ ಒಳ್ಳೆಯ ಬೆಲೆಯಿದೆ, ಹಳೆಯ ಎಣ್ಣೆಗೆ ಅಷ್ಟಿಲ್ಲ ಎಂಬುದು. ನಿಜ. ಆದರೆ 2024ರ ಬಳಿಕ ಉತ್ಪಾದಕರ ಹೊಣೆಗಾರಿಕೆಯ ಪ್ರಮಾಣಪತ್ರಗಳಿಂದ ಈ ಸರಪಳಿಗೆ ಹೊಸ ಹಣ ಹರಿದುಬರುವ ದಾರಿ ತೆರೆದಿದೆ. ಆ ಹಣ ಮರುಬಳಕೆದಾರನ ಬಳಿಯೇ ನಿಲ್ಲದೆ, ಅದರ ಒಂದು ಪಾಲು ಸಂಗ್ರಹಿಸಿ ಕೊಡುವ ಅಂಗಡಿಗೂ, ಕ್ಯಾನ್ ತಂದುಕೊಡುವ ಗ್ರಾಹಕನಿಗೂ ತಲುಪಬೇಕು. ಗುಜರಿಯವನು ಕೊಡುವ ಬೆಲೆಗೆ ಸರಿಸಾಟಿಯಾಗದ ಯಾವ ಉಪದೇಶವೂ ಬೀದಿಯಲ್ಲಿ ನಿಲ್ಲುವುದಿಲ್ಲ.

ಎರಡನೆಯದು, ಬ್ಯಾಟರಿ ಕಣ್ಣಿಗೆ ಕಾಣುವ ವಸ್ತು, ಕ್ಯಾನಿನೊಳಗಿನ ಎಣ್ಣೆಯಲ್ಲಿ ಏನು ಬೆರೆತಿದೆಯೋ ತಿಳಿಯದು ಎಂಬುದು. ಇದಕ್ಕೆ ಶಿಸ್ತೇ ಪರಿಹಾರ. ಮೂಲ ಕ್ಯಾನಿನಲ್ಲಿ ತಂದದ್ದನ್ನು ಮಾತ್ರ ಪಡೆಯುವುದು. ಒಬ್ಬರಿಂದ ಒಮ್ಮೆಗೆ ಇಂತಿಷ್ಟೇ ಎಂದು ಮಿತಿಯಿಡುವುದು. ಪೆಟ್ರೋಲಿನ ವಾಸನೆಯಿದ್ದರೆ ನಿರಾಕರಿಸುವುದು. ಡ್ರಮ್ಮಿಗೆ ಸುರಿಯುವ ಮೊದಲು ಕ್ಯಾನನ್ನು ಒಂದು ದಿನ ಅಲುಗಿಸದೆ ಇಟ್ಟು, ತಳದಲ್ಲಿ ನೀರು ನಿಂತಿದೆಯೇ ಎಂದು ನೋಡುವುದು. ಖಾಲಿಯಾದ ಕ್ಯಾನನ್ನು ಗ್ರಾಹಕನ ಎದುರಿಗೇ ಕತ್ತರಿಸಿದರೆ ನಕಲಿ ತಯಾರಕನ ಕೈಗೆ ಅದು ಸಿಗದಂತಾಗುತ್ತದೆ.

ಮೂರನೆಯ ಆಕ್ಷೇಪಣೆಯೇ ಗಂಭೀರವಾದುದು. ಸಾರ್ವಜನಿಕರಿಂದ ಅಪಾಯಕಾರಿ ತ್ಯಾಜ್ಯ ಪಡೆದು ಅಂಗಡಿಯಲ್ಲಿ ಇಟ್ಟುಕೊಂಡ ವರ್ತಕ, ಪರವಾನಗಿಯಿಲ್ಲದೆ ತ್ಯಾಜ್ಯ ದಾಸ್ತಾನು ಮಾಡಿದವನೆಂದು ತಪಾಸಣೆಯಲ್ಲಿ ಸಿಕ್ಕಿಬೀಳುವನೇ? ಚರಂಡಿಗೆ ಸುರಿಯುವವನನ್ನು ಯಾರೂ ಹಿಡಿಯದೆ, ಕೂಡಿಸಿಟ್ಟವನಿಗೆ ನೋಟಿಸು ಬರುವಂತಿದ್ದರೆ ಯಾವ ವರ್ತಕನೂ ಈ ಕೆಲಸಕ್ಕೆ ಕೈಹಾಕಲಾರ. ಇಲ್ಲಿ ಸರ್ಕಾರವೇ ಸ್ಪಷ್ಟನೆ ನೀಡಬೇಕು. ಅದಕ್ಕೆ ಪೂರ್ವನಿದರ್ಶನವೂ ಇದೆ. ಜಲ ಮತ್ತು ವಾಯು ಕಾಯಿದೆಗಳಡಿ ಸಮ್ಮತಿಪತ್ರ ಬೇಕಿಲ್ಲದ ಉದ್ದಿಮೆಗಳು ತಮ್ಮ ಅಪಾಯಕಾರಿ ತ್ಯಾಜ್ಯವನ್ನು ಅಧಿಕೃತರಿಗೆ ಒಪ್ಪಿಸುವುದಾದರೆ ಅವುಗಳಿಗೆ ಪ್ರತ್ಯೇಕ ಅಧಿಕಾರಪತ್ರ ಬೇಕಿಲ್ಲವೆಂದು 2019ರ ಮಾರ್ಚ್‌ನ ತಿದ್ದುಪಡಿ ವಿನಾಯಿತಿ ನೀಡಿದೆ. ಅದೇ ತತ್ತ್ವವನ್ನು ಮುಂದುವರಿಸಿ, ಒಂದು ಡ್ರಮ್ಮಿನ ಮಿತಿಯೊಳಗೆ ಗ್ರಾಹಕರಿಂದ ಆಯಿಲ್ ಪಡೆದು ನೋಂದಾಯಿತ ಸಂಗ್ರಹಣಾ ಏಜೆಂಟರಿಗೆ ಒಪ್ಪಿಸುವ ಅಂಗಡಿಗೆ ಒಂದು ಸರಳ ದಾಖಲೆ ಪುಸ್ತಕ ಸಾಕೆಂದು ನಿಯಮದಲ್ಲಿಯೇ ಸೇರಿಸುವುದು ಅಸಾಧ್ಯವೇನಲ್ಲ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯು ಈ ಬಗ್ಗೆ ಕೇಂದ್ರಕ್ಕೆ ಶಿಫಾರಸು ಮಾಡಿ, ತನ್ನ ಮಟ್ಟದಲ್ಲಿ ಕನ್ನಡದಲ್ಲಿ ಒಂದು ಪುಟದ ಮಾರ್ಗಸೂಚಿ ಹೊರಡಿಸಿದರೆ ಅರ್ಧ ಕೆಲಸ ಮುಗಿದಂತೆ. ಮಿತಿ ಮೀರಿದವರ ಮೇಲೆ, ಬೆರಕೆ ಮಾಡುವವರ ಮೇಲೆ, ಅನಧಿಕೃತರಿಗೆ ಮಾರುವವರ ಮೇಲೆ ಕಠಿಣ ಕ್ರಮ ಇರಲಿ. ಅದಕ್ಕೆ ವರ್ತಕ ಸಮುದಾಯದ ವಿರೋಧ ಇರಲಾರದು.

ವಾಣಿಜ್ಯ ಸಂಸ್ಥೆಗಳು ಮಾಡಬಹುದಾದುದು

ಸರ್ಕಾರದ ಆದೇಶಕ್ಕೆ ಕಾಯದೆ ಆರಂಭಿಸಬಹುದಾದ ಕೆಲಸಗಳೂ ಇವೆ. ಪ್ರತಿ ಜಿಲ್ಲೆಯಲ್ಲಿ ನೋಂದಣಿ ಹೊಂದಿರುವ ಸಂಗ್ರಹಣಾ ಏಜೆಂಟರು ಮತ್ತು ಮರುಬಳಕೆದಾರರ ಪಟ್ಟಿಯನ್ನು ಸಂಸ್ಥೆಯ ಪತ್ರಿಕೆಯಲ್ಲಿ ನಿಯತವಾಗಿ ಪ್ರಕಟಿಸಬಹುದು. ನಲವತ್ತು ಗ್ಯಾರೇಜುಗಳ ಲೆಕ್ಕವನ್ನು ಮೇಲೆ ನೋಡಿದ್ದಾಯಿತು. ಒಂದು ಬಡಾವಣೆಯ ಅಥವಾ ಒಂದು ತಾಲ್ಲೂಕು ಕೇಂದ್ರದ ಗ್ಯಾರೇಜುಗಳನ್ನು ಕೂಡಿಸಿ ತಿಂಗಳಿಗೊಂದು ನಿಗದಿತ ದಿನ ಟ್ಯಾಂಕರ್ ಬರುವಂತೆ ಒಪ್ಪಂದ ಮಾಡಿಕೊಂಡರೆ ಮರುಬಳಕೆದಾರನಿಗೆ ಖರ್ಚು ಗಿಟ್ಟುತ್ತದೆ, ಗ್ಯಾರೇಜಿಗೆ ಬಿಲ್ಲಿನೊಡನೆ ಹಣ ಬರುತ್ತದೆ, 90 ದಿನಗಳ ನಿಯಮವೂ ಪಾಲನೆಯಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಕಲಾಸಿಪಾಳ್ಯದಂಥ ಬಿಡಿಭಾಗಗಳ ಪೇಟೆಗಳೂ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳೂ ಇದರ ಮೊದಲ ಪ್ರಯೋಗಕ್ಕೆ ಹೇಳಿಮಾಡಿಸಿದ ಸ್ಥಳಗಳು. ಅಲ್ಲಿ ಅಂಗಡಿಗಳು ಒತ್ತೊತ್ತಾಗಿವೆ, ಸಂಘಗಳು ಕ್ರಿಯಾಶೀಲವಾಗಿವೆ. ಹಳ್ಳಿಗಳ ಮಟ್ಟಿಗೆ ಟ್ರ್ಯಾಕ್ಟರ್ ಮಾರಾಟಗಾರರ ಸರ್ವಿಸ್ ಕೇಂದ್ರಗಳೂ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳೂ ಆ ಪಾತ್ರವನ್ನು ವಹಿಸಬಲ್ಲವು. ಡೀಸೆಲ್ ತರಲು, ಗೊಬ್ಬರ ಕೊಳ್ಳಲು ಹೇಗೂ ಪೇಟೆಗೆ ಬರುವ ರೈತನಿಗೆ ಒಂದು ಕ್ಯಾನ್ ಜೊತೆಗೆ ತರುವುದು ಹೊರೆಯಾಗದು.

ಕಂಪನಿಗಳೊಡನೆ ವಿತರಕರು ಮಾಡಿಕೊಳ್ಳುವ ವಾರ್ಷಿಕ ಕರಾರುಗಳಲ್ಲಿಯೂ ಈ ವಿಷಯ ಪ್ರಸ್ತಾಪವಾಗಬೇಕು. ಸಂಗ್ರಹದ ಗುರಿ ಕಂಪನಿಯದು, ಶ್ರಮ ಮಾತ್ರ ಅಂಗಡಿಯದು ಎಂಬಂತಾಗಬಾರದು. ಡ್ರಮ್, ಆಲಿಕೆ, ಟ್ರೇ, ಮರದ ಹೊಟ್ಟಿನ ಚೀಲ, ದಾಖಲೆ ಪುಸ್ತಕ ಇವಿಷ್ಟನ್ನು ಕಂಪನಿಯೇ ಒದಗಿಸಿ, ಲೀಟರಿಗೆ ಇಂತಿಷ್ಟೆಂದು ಸಂಗ್ರಹಣಾ ವೆಚ್ಚ ಕೊಡುವಂತೆ ವಿತರಕರ ಸಂಘಗಳು ಒಗ್ಗಟ್ಟಿನಿಂದ ಕೇಳುವುದು ನ್ಯಾಯವಾದ ಬೇಡಿಕೆ. ಹೊಣೆಯ ಪ್ರಮಾಣ ವರ್ಷದಿಂದ ವರ್ಷಕ್ಕೆ ಶೇಕಡ 50ರತ್ತ ಏರುತ್ತಿರುವಾಗ ಕಂಪನಿಗಳಿಗೂ ಈ ಎಣ್ಣೆ ಅನಿವಾರ್ಯವಾಗಲಿದೆ. ಬೇಡಿಕೆ ಮುಂದಿಡಲು ಇದಕ್ಕಿಂತ ಅನುಕೂಲವಾದ ಕಾಲ ದೊರೆಯದು.

ಎತ್ತಿನ ಬಂಡಿಯ ಕಾಲದಲ್ಲಿ ಕೀಲೆಣ್ಣೆಯ ಬೆಲೆ ತಿಳಿದವರು ಅದರ ಒಂದು ಹನಿಯನ್ನೂ ವ್ಯರ್ಥವಾಗಲು ಬಿಡುತ್ತಿರಲಿಲ್ಲ. ಅಚ್ಚಿಗೆ ಹಚ್ಚುವ ಎಣ್ಣೆಯ ಪಾತ್ರೆ ಬಂಡಿಯ ಕೆಳಗೇ ತೂಗುತ್ತಿತ್ತು. ಇಂದಿನ ವಾಹನಗಳ ಎಣ್ಣೆಗೆ ಅಂಥ ಗೌರವ ಮರಳಬೇಕಾದರೆ, ಅದನ್ನು ಕೊಟ್ಟು ಬರಲು ಒಂದು ಜಾಗ ಇರಬೇಕು. ಆ ಜಾಗ ಗ್ರಾಹಕನಿಗೆ ಈಗಾಗಲೇ ಪರಿಚಿತವಾದ, ಅವನು ಹೊಸ ಆಯಿಲ್ ಕೊಂಡ ಅದೇ ಅಂಗಡಿಯ ಕಟ್ಟೆಯಾಗಲಿ. ಬ್ಯಾಟರಿಯ ವಿಷಯದಲ್ಲಿ ಕೇಳುವಂತೆ ‘ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ?’ ಎಂಬ ಮಾತು ಆಯಿಲ್ ಅಂಗಡಿಯಲ್ಲಿಯೂ ಕೇಳಿಬಂದ ದಿನ ಈ ಕೊಂಡಿ ಬೆಸೆದಂತೆ.